ಖಾಲಿ ಓಡಿದ ಲೇತುಗಳ ಸದ್ದು

2009ರ ಫೆಬ್ರವರಿಯ ಒಂದು ಬುಧವಾರ, ಬೆಳಗಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ, ತಪಾಸಣೆ ಮೇಜಿನ ಹಿಂದೆ ನಿಂತಿದ್ದೆ. ನನ್ನ ಎಡಕ್ಕೆ ಅರ್ಧ ಎತ್ತಿದ ರೋಲಿಂಗ್ ಶಟರ್. ಬಲಕ್ಕೆ ಸಾಲಾಗಿ ಉಕ್ಕು ಹೆರೆಯುವ ಲೇತುಗಳು. ಎದುರಿನ ಗೋಡೆಯಲ್ಲಿ ಮೇನ್ ಸ್ವಿಚ್. ನನಗೂ ಅದಕ್ಕೂ ನಡುವೆ ಏನೂ ಅಡ್ಡ ಇರಲಿಲ್ಲ. ಆದ್ದರಿಂದ ಅವತ್ತು ನಮ್ಮ ಯಜಮಾನರು ಆ ಸ್ವಿಚ್ಚಿನ ಹತ್ತಿರ ಹೋಗಿ ಮಾಡಿದ್ದನ್ನು ನಾನು ಮೊದಲಿನಿಂದ ಕೊನೆಯವರೆಗೆ ನೋಡಿದ್ದೇನೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಹೋದ ತಿಂಗಳು ಅವರು ತೀರಿಕೊಂಡರು. ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅವರ ನೆಂಟರೊಬ್ಬರು, "ಸಾಮಾನ್ಯದ ಮನುಷ್ಯ ಅಲ್ಲ ಬಿಡಿ. ಬ್ಯಾಂಕಿನವರನ್ನೇ ಶೆಡ್ಡಿಂದ ಆಚೆಗೆ ಅಟ್ಟಿದ ಗಂಡು" ಅಂದರು. ಅವರಾಚೆ ಇದ್ದವರು ಅನ್ನ ಕಲಸುತ್ತಲೇ, "ಅಟ್ಟಿದ್ದೂ ಇಲ್ಲ, ಏನೂ ಇಲ್ಲ. ಪಾಪ, ಕಾಲಿಗೆ ಬಿದ್ದರಂತೆ" ಅಂದರು. ಅವರಿಬ್ಬರೂ ಅವತ್ತು ಅಲ್ಲಿ ಇರಲಿಲ್ಲ. ಊಟದ ಮನೆಯಲ್ಲಿ ವಾದ ಮಾಡುವುದು ಸರಿಯಲ್ಲವೆಂದು ಊಟ ಮುಗಿಸಿ ಎದ್ದೆ. ಸತ್ತು ಹದಿನೈದು ದಿನ ಆಗುವುದರೊಳಗೆ ಒಬ್ಬ ಮನುಷ್ಯ ಮಾಡಿದ್ದು ಮಾಡಿದ ಹಾಗೆ ಉಳಿಯುವುದಿಲ್ಲ ಎಂದರೆ ಹೇಗೆ?

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಶೆಡ್ಡಿನ ಬೋರ್ಡಿನ ಮೇಲೆ ಇದ್ದದ್ದು ಅವರ ಅಮ್ಮನ ಹೆಸರು. ನಾವು ಎದುರಿಗೆ "ಸಾರ್" ಎನ್ನುತ್ತಿದ್ದೆವು, ಹಿಂದಿನಿಂದ "ಯಜಮಾನ್ರು" ಎನ್ನುತ್ತಿದ್ದೆವು. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ನನ್ನನ್ನು "ಇನ್ಸ್‌ಪೆಕ್ಟರೇ" ಎಂದೇ ಕರೆದರು. ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವುದು ನನ್ನ ಕೆಲಸ. ಆ ಹುದ್ದೆಯ ಹೆಸರು ಕ್ವಾಲಿಟಿ ಇನ್ಸ್‌ಪೆಕ್ಟರ್. ಆದರೆ ಅವರು ಕರೆಯುವಾಗ ಪೊಲೀಸ್ ಇನ್ಸ್‌ಪೆಕ್ಟರನ್ನು ಕರೆದ ಹಾಗೆ ಸ್ವಲ್ಪ ಬಗ್ಗಿ, ಸ್ವಲ್ಪ ಹೆದರಿದವರಂತೆ ಕರೆಯುತ್ತಿದ್ದರು. ಹೊಸಬರು ನಿಜವೆಂದೇ ನಂಬಿ ನನಗೆ ಸೆಲ್ಯೂಟ್ ಹೊಡೆದದ್ದೂ ಉಂಟು.

ತೆಳ್ಳಗಿನ ಆಳು. ಸದಾ ಅರ್ಧ ತೋಳಿನ ಬಿಳಿ ಅಂಗಿ. ಎಣ್ಣೆ, ಗ್ರೀಸು ಹಾರುವ ಜಾಗದಲ್ಲಿ ಬಿಳಿ ಅಂಗಿ ಯಾಕೆಂದು ಕೇಳಿದರೆ, "ಕಲೆ ಆಗ್ಲಿ ಅಂತಲೇ ಕಣ್ರೀ. ಸಂಜೆ ಕ್ಲೀನಾಗಿದ್ರೆ ಅವತ್ತು ನಾನು ಏನೂ ಮಾಡಿಲ್ಲ ಅಂತ ಗೊತ್ತಾಗುತ್ತೆ" ಎನ್ನುತ್ತಿದ್ದರು. ಬೆಳಿಗ್ಗೆ ಬಂದವರು ಮೊದಲು ಪ್ರತಿ ಲೇತಿನ ತಲೆಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಮಗುವಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುವುದಿಲ್ಲವೇ, ಹಾಗೆ. ಮಧ್ಯಾಹ್ನದ ಊಟಕ್ಕೆ ಮನೆಯಿಂದ ಚಿತ್ರಾನ್ನವೋ ಮೊಸರನ್ನವೋ ತರುತ್ತಿದ್ದರು. ಅದನ್ನು ಕೊಪ್ಪಳದ ಕಡೆಯ ಶರಣಪ್ಪನಿಗೆ ಕೊಟ್ಟು, ಅವನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಾವು ತಿನ್ನುತ್ತಿದ್ದರು. ಈ ಅದಲುಬದಲು ಯಾವತ್ತು ಶುರುವಾಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಮೊದಲು ಅವರು ಜಾಲಹಳ್ಳಿ ಕಡೆಯ ದೊಡ್ಡ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದವರು. ತೊಂಬತ್ತೊಂದರಲ್ಲಿ ದೇಶದ ಕೈ ಬರಿದಾಗಿ, ನೀತಿಗಳೆಲ್ಲ ಬದಲಾದ ಮೇಲೆ, ಜನ ಹೆಚ್ಚಾಗಿದ್ದಾರೆಂದು ಅಲ್ಲಿ ಪ್ಯಾಕೇಜ್ ಎಂಬ ಹೆಸರಿನಲ್ಲಿ ಸ್ವಯಂ ನಿವೃತ್ತಿ ಯೋಜನೆ ತಂದರು. ಇವರ ಇಡೀ ವಿಭಾಗಕ್ಕೇ ಬಾಗಿಲು ತೋರಿಸಿದರು. ಬಂದ ದುಡ್ಡಿನಲ್ಲಿ ಹಳೆಯ ಲೇತು ಕೊಂಡು ಪೀಣ್ಯಕ್ಕೆ ಬಂದರು. ಬೀಳ್ಕೊಡುಗೆಯಲ್ಲಿ ಕೊಟ್ಟ ಗೋಡೆ ಗಡಿಯಾರ ಅವರ ಕ್ಯಾಬಿನ್ನಿನ ಮೇಜಿನ ಕೆಳಗೆ, ಬಿಚ್ಚದ ರಟ್ಟಿನ ಡಬ್ಬಿಯಲ್ಲೇ ಇತ್ತು. ನೆಲ ಒರೆಸುವಾಗೆಲ್ಲ ಅದನ್ನು ಎತ್ತಿ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆವು.

2008ರ ಆಯುಧಪೂಜೆ ಜೋರಾಗಿ ನಡೆಯಿತು. ಲೇತುಗಳಿಗೆಲ್ಲ ಸೇವಂತಿಗೆ ಹಾರ, ಬಾಳೆಕಂದು, ಶಟರ್ ಮುಂದೆ ಒಡೆದ ಬೂದುಗುಂಬಳ. ಆ ಹಾರಗಳು ಒಣಗಿ ಉದುರುವ ಮೊದಲೇ ಕೆಲಸ ನಿಂತಿತು. ನಾವು ಮಾಡುತ್ತಿದ್ದದ್ದು ಕಾರಿನ ಸ್ಟೀರಿಂಗಿಗೆ ಹೋಗುವ, ಉಂಗುರದಂಥ ಸಣ್ಣ ಬುಷ್ಷು. ನಮ್ಮಿಂದ ಕೊಳ್ಳುತ್ತಿದ್ದ ದೊಡ್ಡ ಕಂಪನಿ ಮೊದಲು "ಈ ವಾರ ಬೇಡ" ಎಂದಿತು, ಆಮೇಲೆ "ತಿಳಿಸ್ತೀವಿ" ಎಂದಿತು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿತು.

ನಮ್ಮಲ್ಲಿ ಮುನಿರಾಜು ಅಂತ, ಲೇತು ಓಡಿಸುವ ಹಿರಿಯ ಟರ್ನರ್ ಇದ್ದ. ಆ ಶೆಡ್ಡು ನಿಂತಿದ್ದ ಜಾಗ ಒಂದು ಕಾಲಕ್ಕೆ ಅವನ ತಾತನ ರಾಗಿ ಹೊಲ. ಆದ್ದರಿಂದ ಯಜಮಾನರ ಎದುರೂ ಸ್ವಲ್ಪ ಸಲಿಗೆಯಿಂದಲೇ ಮಾತಾಡುವವನು. ಒಂದು ದಿನ ಟೀ ಹೊತ್ತಿನಲ್ಲಿ ಕೇಳಿದ: "ಅಲ್ಲ ಸಾ, ಅಮೆರಿಕದಾಗೆ ಬ್ಯಾಂಕು ಮುಳುಗಿದ್ರೆ ಪೀಣ್ಯದಾಗೆ ನಮ್ ಕಾಲ್ಯಾಕ್ ಸಾ ಒದ್ದೆ ಆಗ್ಬೇಕು?"

ಯಜಮಾನರು ಮೇಜಿನ ಮೇಲಿದ್ದ ಬುಷ್ಷೊಂದನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. "ಆ ಬ್ಯಾಂಕು ಸಾಲ ಕೊಡ್ತಿತ್ತು. ಆ ಸಾಲದಲ್ಲಿ ಅಲ್ಲಿಯವರು ಕಾರು ತಗೊಳ್ತಿದ್ರು. ಆ ಕಾರೊಳಗೆ ಇದು ಕೂತಿತ್ತು ಕಣೋ. ನೀನು ಮಾಡಿದ್ದು."

ಮುನಿರಾಜು ಅದನ್ನು ತಿರುಗಿಸಿ ನೋಡಿದ. "ಅಷ್ಟು ದೂರ ಓಯ್ತಿತ್ತಾ ಇದು? ನಾನೇ ಯಲಹಂಕ ದಾಟಿಲ್ಲ" ಎಂದ. ಎಲ್ಲರೂ ನಕ್ಕೆವು. ಆಮೇಲೆ ತುಂಬ ದಿನ ನಗುವಂಥದ್ದೇನೂ ಸಿಗಲಿಲ್ಲ.

ಸುತ್ತಲಿನ ಶೆಡ್ಡುಗಳಲ್ಲಿ ಆಳುಗಳನ್ನು ಕಳಿಸತೊಡಗಿದ್ದರು. ದಾಸರಹಳ್ಳಿಯ ಬಾಡಿಗೆ ರೂಮುಗಳಿಂದ ಹಬ್ಬವಿಲ್ಲದ ದಿನಗಳಲ್ಲಿ ಟ್ರಂಕು, ಸ್ಟವ್ವು ಹೊತ್ತ ಹುಡುಗರು ಬಾಗಲಕೋಟೆ, ರಾಯಚೂರಿನ ಬಸ್ಸು ಹತ್ತುವುದು ಕಾಣುತ್ತಿತ್ತು. ನಮ್ಮಲ್ಲೂ ಅದೇ ಆಗುತ್ತದೆಂದು ಶರಣಪ್ಪ ತನ್ನ ಟ್ರಂಕಿಗೆ ಹಗ್ಗ ಕೂಡ ತಂದಿಟ್ಟಿದ್ದ. ಒಂದು ಶನಿವಾರ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು: "ಯಾರನ್ನೂ ಕಳಿಸಲ್ಲ. ಅರ್ಧ ಜನ ಸೋಮವಾರದಿಂದ ಬುಧವಾರ, ಇನ್ನರ್ಧ ಗುರುವಾರದಿಂದ ಶನಿವಾರ. ಸಂಬಳಾನೂ ಅರ್ಧ. ಜಾಸ್ತಿ ಕೊಡೋಕೆ ಇಲ್ಲ, ಇದ್ದಿದ್ರೆ ಕೊಡ್ತಿದ್ದೆ. ಎಷ್ಟು ದಿನ ಆಗುತ್ತೋ ಅಷ್ಟು ದಿನ." ಅಷ್ಟೇ ಹೇಳಿದ್ದು. ಶರಣಪ್ಪ ಉಳಿದ ದಿನ ಕಟ್ಟಡದ ಕೆಲಸಕ್ಕೆ ಹೋಗತೊಡಗಿದ. ಆ ಹಗ್ಗ ಅಲ್ಲಿ ಬಕೆಟ್ಟು ಎಳೆಯುವುದಕ್ಕೆ ಬಂತು.

ಇದರಲ್ಲೂ ಒಂದು ತಾಪತ್ರಯ ಇತ್ತು. ನಮ್ಮ ಕಸುಬಿನಲ್ಲಿ ಒಬ್ಬನ ಲೇತನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಅವನವನ ಸೆಟ್ಟಿಂಗು ಅವನವನಿಗೆ. ಈಗ ಮುನಿರಾಜು ಮೂರು ದಿನ ಓಡಿಸಿದ ಲೇತನ್ನೇ ಶರಣಪ್ಪ ಮೂರು ದಿನ ಓಡಿಸಬೇಕು. ಮುಂದಿನ ಸೋಮವಾರವೇ ಮುನಿರಾಜು ದೂರು ತಂದ.

"ನನ್ ಮೆಷಿನ್ನು ಯಾರೋ ಕೆಡಿಸವ್ರೆ ಸಾ. ಹ್ಯಾಂಡಲ್ಲೇ ಬ್ಯಾರೆ ತರ ತಿರುಗ್ತದೆ."

ರಜೆಯಿದ್ದರೂ ಸಂಬಳಕ್ಕೆಂದು ಬಂದಿದ್ದ ಶರಣಪ್ಪ ಅಲ್ಲೇ ನಿಂತಿದ್ದ. "ನಾ ಏನೂ ಮಾಡಿಲ್ರಿ ಸರ. ಬರೇ ಎಣ್ಣಿ ಬಿಟ್ಟೇನ್ರಿ. ಮಾವಾರು ವರ್ಷಗಟ್ಟಲೆ ಬಿಟ್ಟಿದ್ದಿಲ್ಲ ಕಾಣಸ್ತದ, ಈಗ ಹಗುರ ಆಗೇತ್ರಿ."

"ಯಾರ್ಲಾ ನಿಂಗೆ ಮಾವ?"

ಯಜಮಾನರು ಕನ್ನಡಕ ತೆಗೆದು ಒರೆಸುತ್ತ, "ಮುನಿರಾಜು, ಅದು ನಿನ್ನ ಟೂತ್‌ಬ್ರಷ್ ಅಲ್ಲ ಕಣೋ, ಲೇತು" ಎಂದರು. ಅಲ್ಲಿಂದ ಮುಂದೆ ಶರಣಪ್ಪ ಬೇಕೆಂದೇ ಅವನನ್ನು ಮಾವ ಎಂದೇ ಕರೆದ. ಮುನಿರಾಜುವೂ ಬೈಯುವುದನ್ನು ಬಿಟ್ಟ.

ಆದರೆ ಮೂರು ದಿನಕ್ಕೂ ಆಗುವಷ್ಟು ಕೆಲಸ ಇರಲಿಲ್ಲ. ನಿಂತ ಲೇತಿಗೆ ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಬೆಳಿಗ್ಗೆ ಸ್ವಲ್ಪ ಹೊತ್ತು ಖಾಲಿ ಓಡಿಸಿ ಎಂದು ಯಜಮಾನರೇ ಹೇಳಿದರು. ಆಮೇಲೆ ಆ ಸ್ವಲ್ಪ ಹೊತ್ತೇ ಇಡೀ ಬೆಳಗಿನ ಹೊತ್ತಾಯಿತು. "ಸದ್ದು ಇರ್ಲಿ ಕಣ್ರೀ. ರಸ್ತೇಲಿ ಹೋಗೋರಿಗೆ ನಾವು ಬದುಕಿದ್ದೀವಿ ಅಂತ ಗೊತ್ತಾಗ್ಲಿ. ಸದ್ದಿಲ್ಲದ ಶೆಡ್ಡಿಗೆ ನಾಳೆ ಯಾರು ಆರ್ಡರ್ ಕೊಡ್ತಾರೆ?" ಎಂದರು. ಮುನಿರಾಜು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಹಳೆಯದೊಂದು ಉಕ್ಕಿನ ಸರಳನ್ನು ಲೇತಿಗೆ ಕಚ್ಚಿಸಿ ದಿನವೂ ಕೂದಲೆಳೆಯಷ್ಟು ಹೆರೆಯುತ್ತಿದ್ದ. ಬಂದ ಹೊಳೆಯುವ ಸುರುಳಿಗಳನ್ನು ತಟ್ಟೆಯಲ್ಲಿ ತಂದು, ಶಟರಿನ ಹತ್ತಿರ, ರಸ್ತೆಗೆ ಕಾಣುವ ಹಾಗೆ ಸುರಿಯುತ್ತಿದ್ದ. ಮದುವೆ ಮನೆ ಮುಂದೆ ಹೂ ಚೆಲ್ಲಿದ ಹಾಗೆ. ಮಣಿಕಟ್ಟಿನಷ್ಟು ದಪ್ಪವಿದ್ದ ಸರಳು ಸಂಕ್ರಾಂತಿಯ ಹೊತ್ತಿಗೆ ಹೆಬ್ಬೆರಳಿನಷ್ಟಾಗಿತ್ತು.

ಆ ದಿನಗಳಲ್ಲಿ ಯಜಮಾನರು ಪೇಪರನ್ನು ಜೋರಾಗಿ ಓದುತ್ತಿದ್ದರು. ಕೇಳುವುದಕ್ಕೆ ತಗಡು ಒತ್ತುವ ಪಕ್ಕದ ಪ್ರೆಸ್ ಶಾಪಿನ ಮಾಲೀಕರಾದ ನಾಗೇಂದ್ರಪ್ಪನವರು ಬರುತ್ತಿದ್ದರು. ಕೇಂದ್ರ ಸರ್ಕಾರ ಕಾರ್ಖಾನೆ ಮಾಲಿನ ಮೇಲಿನ ಅಬಕಾರಿ ಸುಂಕ ಇಳಿಸಿದ ದಿನ ಯಜಮಾನರು ಪೇಪರ್ ಮಡಿಸಿ, "ನಮ್ಮಂಥ ಸಣ್ಣೋರು ಕಟ್ಟದೇ ಇರೋ ತೆರಿಗೆ ಇಳಿಸಿದ್ದಾರೆ ನಾಗೇಂದ್ರಪ್ಪ. ಸ್ವೀಟ್ ತರಿಸಿ" ಎಂದರು. ಸರ್ಕಾರದ ಪರಿಹಾರದ ಸುದ್ದಿಯಲ್ಲಿ ಪ್ಯಾಕೇಜ್ ಎಂಬ ಪದ ಬಂದಾಗಲೆಲ್ಲ ಅವರ ಕಣ್ಣು ಮೇಜಿನ ಕೆಳಗಿನ ಗಡಿಯಾರದ ಡಬ್ಬಿಯ ಕಡೆಗೆ ಹೋಗುತ್ತಿತ್ತು. "ಒಂದ್ಸಲ ತಗೊಂಡಿದ್ದೀನಿ" ಎನ್ನುತ್ತಿದ್ದರು. ಕೆಲಸ ಹೇಗಿದೆ ಎಂದು ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದನ್ನು ನಾನು ಗಮನವಿಟ್ಟು ಕೇಳುತ್ತಿದ್ದೆ. "ಪರವಾಗಿಲ್ಲ, ನಡೀತಿದೆ." "ನಮ್ಮಲ್ಲೂ ಅಷ್ಟೇ, ನಡೀತಿದೆ." ಇಬ್ಬರ ಶೆಡ್ಡಿನಿಂದಲೂ ಸದ್ದು ಬರುತ್ತಲೇ ಇತ್ತು.

ಜನವರಿ ಕಳೆಯುವಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಕಷ್ಟಕ್ಕೆ ಸಿಕ್ಕಿದ ಸಣ್ಣ ಕೈಗಾರಿಕೆಗಳ ಸಾಲದ ಕಂತುಗಳನ್ನು ಮುಂದೂಡಿ, ಅವಧಿ ಬೆಳೆಸಿಕೊಡಲು ಬ್ಯಾಂಕುಗಳಿಗೆ ಅನುಮತಿ ಸಿಕ್ಕಿದೆ ಎಂದು. ಇದು ನಮಗೆ ನಿಜವಾಗಿ ತಾಗುವ ಮಾತಾಗಿತ್ತು. ಲೇತುಗಳು ಬ್ಯಾಂಕಿನ ಸಾಲದ ಮೇಲೆ ಬಂದವು. ಅವಧಿ ಸಿಗದಿದ್ದರೆ ಯುಗಾದಿಯೊಳಗೆ ಎರಡು ಲೇತು ಮಾರಬೇಕು, ಅವುಗಳ ಜೊತೆ ನಾಲ್ಕು ಜನ ಮನೆಗೆ ಹೋಗಬೇಕು. ಅದರಲ್ಲಿ ಶರಣಪ್ಪ ಮೊದಲನೆಯವನು. ಇದನ್ನು ಯಜಮಾನರು ನನ್ನೊಬ್ಬನಿಗೆ ಹೇಳಿದ್ದರು. ಉಳಿದವರಿಗೆ, "ಬುಧವಾರ ಬ್ಯಾಂಕಿನವರು ಬರ್ತಾರೆ, ನೀಟಾಗಿರ್ಲಿ" ಎಂದಷ್ಟೇ ಹೇಳಿದರು. ಕಷ್ಟದಲ್ಲಿದ್ದೇವೆ ಎಂದು ತೋರಿಸುವುದಕ್ಕೆ ಅವರನ್ನು ಕರೆಸುತ್ತಿದ್ದೇನೆ ಎಂದು ತಮ್ಮ ಆಳುಗಳಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಬ್ಯಾಂಕು ಎಂದ ಕೂಡಲೇ ಮುನಿರಾಜು ಅರ್ಥ ಮಾಡಿಕೊಂಡದ್ದೇ ಬೇರೆ. ಲೇತು ಹೊತ್ತುಕೊಂಡು ಹೋಗಲು ಬರುತ್ತಿದ್ದಾರೆ. ಕೆಲಸ ನಡೆಯುತ್ತಿರುವುದನ್ನು ಕಂಡರೆ ಬಿಟ್ಟು ಹೋಗುತ್ತಾರೆ. ಅವನು ರಜೆಯಲ್ಲಿದ್ದವರಿಗೆಲ್ಲ ಹೇಳಿಕಳಿಸಿದ. ಬುಧವಾರ ಬೆಳಿಗ್ಗೆ ನಾನು ಬಂದಾಗ ಎರಡೂ ಪಾಳಿಯವರು ಅಲ್ಲಿದ್ದರು. ಶರಣಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನೆಲ ತೊಳೆದಾಗಿತ್ತು. ಹೊರಗೆ ಆಟೋ ನಿಂತ ಸದ್ದಾಗುತ್ತಿದ್ದಂತೆ ಮುನಿರಾಜು ಕೈ ಎತ್ತಿದ, ಎಲ್ಲ ಲೇತುಗಳೂ ಒಟ್ಟಿಗೆ ಶುರುವಾದವು. ಆಯುಧಪೂಜೆಯ ದಿನವೂ ನಾನು ಅಂಥ ಸದ್ದು ಕೇಳಿರಲಿಲ್ಲ.

ಬಂದವರು ಮಂಗಳೂರು ಕಡೆಯ ಒಬ್ಬ ಮೇಡಂ, ಸುಮಾರು ಮೂವತ್ತೈದು ವಯಸ್ಸು. ಯಜಮಾನರು ಕ್ಯಾಬಿನ್ನಿನಿಂದ ಹೊರಗೆ ಬಂದವರು, ಶೆಡ್ಡನ್ನು ನೋಡಿ ಅಲ್ಲೇ ನಿಂತರು. ಮೇಡಂ ಒಂದು ಸುತ್ತು ನಡೆದು ಬಂದರು. ಹೊಳೆಯುವ ಸುರುಳಿಗಳ ರಾಶಿಯನ್ನು ನೋಡಿದರು. ನನ್ನ ಮೇಜಿನ ಹತ್ತಿರ ಬಂದು, ಸದ್ದಿನಲ್ಲಿ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದರು: "ಸರ್, ನಿಮ್ಮಲ್ಲಿ ಕೆಲಸ ಜೋರುಂಟಲ್ಲ! ಕಷ್ಟದಲ್ಲಿ ಉಂಟು ಅಂತ ನಾನು ಹೇಗೆ ಬರೆಯುವುದು?"

ಮುನಿರಾಜುವಿಗೆ ಮೊದಲ ಮಾತು ಮಾತ್ರ ಕೇಳಿಸಿತೆಂದು ಕಾಣುತ್ತದೆ. ಅವನ ಮುಖ ಅರಳಿತು. ಯಜಮಾನರು ಅವನ ಮುಖವನ್ನು ನೋಡಿದರು. ಯಜಮಾನರು ಮೇಡಂ ಅವರನ್ನು ಕ್ಯಾಬಿನ್ನಿಗೆ ಕರೆದು, ಬಾಗಿಲು ಹಾಕಿಕೊಂಡು ನಿಜ ಹೇಳಬಹುದಿತ್ತು. ನಾನೂ ಹಾಗೇ ಮಾಡುತ್ತಾರೆಂದು ಕಾದೆ. ಅವರು ಲೇತುಗಳ ಸಾಲಿನ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು, ಎಂದಿನ ನಡಿಗೆಯಲ್ಲೇ ಗೋಡೆಯವರೆಗೆ ಹೋದರು. ಕೈ ಬಿಚ್ಚಿ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದರು.

ಲೇತು ಒಮ್ಮೆಗೇ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ತನ್ನ ಪಾಡಿಗೆ ಸುತ್ತುತ್ತದೆ. ಆ ಸುತ್ತು ಮುಗಿಯುವವರೆಗೂ ಅವರು ಸ್ವಿಚ್ಚಿನ ಹತ್ತಿರವೇ ನಿಂತಿದ್ದರು. ಆಮೇಲೆ ಅವರು ಮುನಿರಾಜುವಿನ ಲೇತಿನಿಂದ ಆ ಸರಳನ್ನು ಬಿಚ್ಚಿ, ಅಂಗಿಯ ತುದಿಯಲ್ಲಿ ಹಿಡಿದುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಬಿಳಿ ಅಂಗಿಗೆ ಎಣ್ಣೆ ಹತ್ತಿತು.

"ನಾಲ್ಕು ತಿಂಗಳಿಂದ ನಮ್ಮ ಕೆಲಸ ಇದೊಂದೇ ಮೇಡಂ. ಇದು ಮಣಿಕಟ್ಟಿನಷ್ಟು ದಪ್ಪ ಇತ್ತು. ಬಾಕಿ ಸದ್ದೆಲ್ಲ ಖಾಲಿ. ನಾನೇ ಮಾಡಿ ಅಂದಿದ್ದು. ಇವರದೇನೂ ತಪ್ಪಿಲ್ಲ."

ಮೇಡಂ ಸರಳನ್ನು ಮುಟ್ಟಿ, ಬಿಸಿಯೆಂದು ಕೈ ತೆಗೆದರು. "ಹಾಗಾದರೆ ಇಷ್ಟು ಜನರನ್ನು ಯಾಕೆ ಇಟ್ಟುಕೊಂಡಿದ್ದೀರಿ ಸರ್?"

"ನನ್ನನ್ನೂ ಒಂದು ಸಲ ಕಳಿಸಿದ್ರು ಮೇಡಂ. ಹಾರ ಹಾಕಿ, ಗಡಿಯಾರ ಕೊಟ್ಟು. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಎದ್ದು, ಸ್ನಾನ ಮಾಡಿ, ಬೂಟು ಹಾಕ್ಕೊಂಡು ಬಾಗಿಲವರೆಗೆ ಬಂದ್ಬಿಟ್ಟೆ. ಹೆಂಡ್ತಿ ನೋಡ್ತಾ ನಿಂತಿದ್ಲು. ಅದೊಂದು ಬೆಳಿಗ್ಗೆ ಇವರಿಗೆ ಬೇಡ ಅಂತ."

ಅವರ ಧ್ವನಿ ಎತ್ತರವೂ ಆಗಲಿಲ್ಲ, ಒಡೆಯಲೂ ಇಲ್ಲ. ಯಾರನ್ನೂ ಅಟ್ಟಲಿಲ್ಲ. ಯಾರ ಕಾಲಿಗೂ ಬೀಳಲಿಲ್ಲ.

ಆಗ ಶಟರ್ ಕೆಳಗೆ ಬಗ್ಗಿ ನಾಗೇಂದ್ರಪ್ಪ ಒಳಗೆ ಬಂದರು. "ಏನ್ ಸಾರ್, ಕರೆಂಟ್ ಹೋಯ್ತಾ? ನಮ್ಮಲ್ಲಿದೆಯಲ್ಲ?"

"ಕರೆಂಟ್ ಇದೆ ನಾಗೇಂದ್ರಪ್ಪ. ಕೆಲಸ ಇಲ್ಲ."

ನಾಗೇಂದ್ರಪ್ಪ ಯಜಮಾನರನ್ನು ನೋಡಿದರು, ಮೇಡಂ ಅವರನ್ನು ನೋಡಿದರು, ಸಾಲಾಗಿ ನಿಂತಿದ್ದ ನಮ್ಮನ್ನು ನೋಡಿದರು. ಮತ್ತೆ ಬಗ್ಗಿ ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಪಕ್ಕದ ಶೆಡ್ಡಿನ ಪ್ರೆಸ್ಸುಗಳ ಧಬಧಬ ಒಂದೊಂದಾಗಿ ಕಡಿಮೆಯಾಗಿ ನಿಂತಿತು. ಆಮೇಲೆ ಎದುರಿನದು. ಆಮೇಲೆ ತಿರುವಿನಲ್ಲಿದ್ದ, ಬಿಡಿಭಾಗ ಉಜ್ಜಿ ನಯ ಮಾಡುವ ಗ್ರೈಂಡಿಂಗ್ ಶೆಡ್ಡಿನದು. ನಮ್ಮ ಸದ್ದು ಕೇಳಿ ಅವರು, ಅವರ ಸದ್ದು ಕೇಳಿ ನಾವು, ಇಡೀ ರಸ್ತೆ ನಾಲ್ಕು ತಿಂಗಳು ಖಾಲಿ ಓಡುತ್ತಿತ್ತು. ಪೀಣ್ಯದಲ್ಲಿ ಕೆಲಸದ ದಿನ ಬೆಳಗಿನ ಹೊತ್ತಿನಲ್ಲಿ ಹದ್ದು ಕೂಗುವುದು ನನಗೆ ಕೇಳಿಸಿದ್ದು ಅದೊಂದೇ ಸಲ.

ಮೇಡಂ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, "ಈ ರಸ್ತೆಯಲ್ಲಿ ಒಟ್ಟು ಎಷ್ಟು ಶೆಡ್ ಉಂಟು ಸರ್?" ಎಂದು ಕೇಳಿದರು. ಅವತ್ತು ಸಂಜೆಯವರೆಗೂ ಅವರು ಆಟೋ ಕರೆಸಲಿಲ್ಲ. ಒಂದೊಂದೇ ಶೆಡ್ಡಿನ ಒಳಗೆ ಹೋಗಿ ಬಂದರು. ಯಜಮಾನರು ಪ್ರತಿ ಬಾಗಿಲವರೆಗೂ ಜೊತೆಗೆ ಹೋಗಿ, ಹೊರಗೇ ನಿಂತಿದ್ದರು.

ನಮಗೆ ಅವಧಿ ಸಿಕ್ಕಿತು. ರಸ್ತೆಯ ಎಲ್ಲರಿಗೂ ಸಿಗಲಿಲ್ಲ. ಗ್ರೈಂಡಿಂಗಿನವರು ಕೇಳುವಷ್ಟರಲ್ಲಿ ಕಂತುಗಳು ತಪ್ಪಿ ತಡವಾಗಿತ್ತು, ಬಾಗಿಲು ಹಾಕಿದರು. ಅವರ ಶೆಡ್ಡಿನ ಮುಂದೆ ಹೋಗುವಾಗ ಯಜಮಾನರು ಆಮೇಲೆಲ್ಲ ರಸ್ತೆಯ ಆ ಬದಿ ಬಿಟ್ಟು ಈ ಬದಿಗೆ ಬರುತ್ತಿದ್ದರು. "ನವೆಂಬರಲ್ಲೇ ಸ್ವಿಚ್ ಎಳೀಬೇಕಿತ್ತು ಇನ್ಸ್‌ಪೆಕ್ಟರೇ" ಎಂದು ಒಮ್ಮೆ ಮಾತ್ರ ಹೇಳಿದರು. ಲೇತುಗಳ ಮೇಲೆ ಹಳೆಯ ಪಂಚೆ ಹೊದಿಸಿ, ಶಟರ್ ಪೂರ್ತಿ ಎತ್ತಿ ಕೂತೆವು. ಕೇಳಿದವರಿಗೆ ಕೆಲಸ ಇಲ್ಲ ಎಂದೆವು.

ಮಳೆಗಾಲದ ಹೊತ್ತಿಗೆ ಆರ್ಡರ್ ತಿರುಗಿ ಬಂತು. ಅಮೆರಿಕಕ್ಕಲ್ಲ, ಇಲ್ಲಿಯ ಕಾರುಗಳಿಗೆ. ಸುಂಕ ಇಳಿದು, ಕಾರಿನ ಬೆಲೆ ಇಳಿದು, ಜನ ಕೊಳ್ಳತೊಡಗಿದ್ದರಂತೆ. ಯಜಮಾನರು ಮೊದಲ ಬುಷ್ಷನ್ನು ಕೈಯಲ್ಲಿ ಹಿಡಿದು ನಾಗೇಂದ್ರಪ್ಪನವರಿಗೆ ತೋರಿಸಿದರು: "ನಾವು ಕಟ್ಟದೇ ಇರೋ ತೆರಿಗೆ ಸುತ್ತಿ ಬಳಸಿ ಇಲ್ಲಿಗೂ ಬಂತಲ್ರೀ. ಅವತ್ತು ನಕ್ಕಿದ್ದು ತಪ್ಪಾಯ್ತು." ಆ ದಿನ ನಿಜವಾಗಿಯೂ ಮೈಸೂರುಪಾಕು ತರಿಸಿದರು. ಆಮೇಲೆ ಲೇತಿನಿಂದ ಲೇತಿಗೆ ಹೋಗಿ ಅಂಗೈ ಇಟ್ಟು ನೋಡಿದರು. ಮುನಿರಾಜುವಿನದರ ಹತ್ತಿರ ಬಂದಾಗ, "ಬಿಸಿ ಇದೆ" ಎಂದರು. ಜ್ವರ ನೋಡುವವರು ಹಾಗೆ ಸಂತೋಷದಿಂದ ಹೇಳಿದ್ದನ್ನು ನಾನು ಮತ್ತೆ ಕೇಳಿಲ್ಲ.

ಈಗ ಅಲ್ಲಿ ಶೆಡ್ಡಿಲ್ಲ, ಯಾವುದೋ ಕಂಪನಿಯ ಗೋಡೌನ್ ಇದೆ. ಮೆಟ್ರೋದಲ್ಲಿ ಹೋಗುವಾಗ ಪೀಣ್ಯದ ಹತ್ತಿರ ಬಲಗಡೆಯ ಕಿಟಕಿಯಿಂದ ಅದರ ಹೊಸ ಶೀಟು ಕಾಣುತ್ತದೆ. ಪ್ರತಿ ಸಲವೂ ನೋಡುತ್ತೇನೆ. ರೈಲಿನ ಗಾಜಿನೊಳಗೆ ಕೆಳಗಿನ ಯಾವ ಸದ್ದೂ ಬರುವುದಿಲ್ಲ.

ಅವತ್ತು ಅಲ್ಲಿದ್ದವರಲ್ಲಿ ಈಗಲೂ ನನಗೆ ಸಿಗುವವರು ಇಷ್ಟು ಜನ. ಮುನಿರಾಜು, ದಾಸರಹಳ್ಳಿಯಲ್ಲಿ ಮನೆಯ ಮೇಲೆ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾನೆ. ಆ ಸರಳು ಅವನ ಗೇಟಿನ ಚಿಲಕವಾಗಿದೆ. ಶರಣಪ್ಪ, ಅತ್ತಿಬೆಲೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಹಬ್ಬಕ್ಕೆ ಮಾವನ ಮನೆಗೆ ರೊಟ್ಟಿ ತರುತ್ತಾನೆ. ನಾಗೇಂದ್ರಪ್ಪನವರು, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಬ್ಯಾಂಕಿನ ಮೇಡಂ, ಬಡ್ತಿ ಸಿಕ್ಕಿ ಊರ ಕಡೆಗೆ ಹೋದವರು, ಸುದ್ದಿ ತಿಳಿದು ನನಗೆ ಫೋನ್ ಮಾಡಿದ್ದರು. ಮತ್ತೆ ನಾನು. ಬೇಕಾದವರು ಇವರಲ್ಲಿ ಯಾರನ್ನಾದರೂ ಕೇಳಬಹುದು. ನಾನು ಕೇಳಿ ನೋಡಿದ್ದೇನೆ. ನಾಲ್ವರೂ ಮೊದಲು ಹೇಳಿದ್ದು ನಮ್ಮವರು ಸ್ವಿಚ್ಚು ಎಳೆದದ್ದನ್ನಲ್ಲ, ಅದಾದ ಮೇಲೆ ಪಕ್ಕದ ಶೆಡ್ಡಿನ ಸದ್ದು ನಿಂತದ್ದನ್ನು.